ದ್ವ್ಯಂಕ ಮೀಮಾಂಸೆ

ಸೌದಿ ಅರೇಬಿಯಾದ ರಾಜ್ಯಾಡಳಿತವನ್ನು ಕುರಿತು ಪಂಡಿತರು ಇದುವರೆಗೆ ಬರೆದುದೆಲ್ಲವೂ ತೈಲ, ಅರಸೊತ್ತಿಗೆ, ಮರುಭೂಮಿ ಎಂಬ ಸ್ಥೂಲ ವಸ್ತುಗಳಲ್ಲಿಯೇ ತೊಳಲಿ, ಅದರ ಸೂಕ್ಷ್ಮಶರೀರವಾದ ಎರಡಂಕಿಯ ಸಂಖ್ಯೆಯೊಂದನ್ನು ನಿಶ್ಶೇಷವಾಗಿ ಉಪೇಕ್ಷಿಸಿರುವುದರಿಂದ, ಈ ಕಿರುಗ್ರಂಥವನ್ನು ಲೋಕೋಪಕಾರಾರ್ಥವಾಗಿ ರಚಿಸಬೇಕಾಯಿತು. ಸರ್ಕಾರದ ಜಾಲದ್ವಾರವನ್ನು ತಟ್ಟಿದವನಿಗೆ ಪರದೆಯ ಮೇಲೆ ಮಿಂಚಿ, ತರುವಾಯ ಅವನ ಮೊಬೈಲಿನ ‘ನಫಾತ್’ ಆ್ಯಪಿನಲ್ಲಿ ಬೇರೆ ಸಂಖ್ಯೆಗಳ ನಡುವೆ ಅಡಗಿ ಕುಳಿತು, ಹುಡುಕಿ ಒತ್ತಿದವನಿಗೆ ಮಾತ್ರ ಒಲಿಯುವ ಸಂಖ್ಯೆಯೇ ದ್ವ್ಯಂಕ. ಇಕಾಮಾ ಎಂಬ ವಾಸದ ಪರವಾನಗಿ, ಬಾಡಿಗೆ ಕರಾರು, ವಾಹನದ ದಂಡ, ಆಸ್ಪತ್ರೆಯ ಸರದಿ, ಇವೆಲ್ಲಕ್ಕೂ ಇದೊಂದೇ ಕೀಲಿ.

ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿ ತೃಪ್ತರಾದರು. ಅವರು ಸೌದಿಯ ಜುಬೈಲಿನ ಕಾರ್ಮಿಕ ಕ್ಯಾಂಪುಗಳನ್ನು ಕಂಡವರಲ್ಲ. ಅಲ್ಲಿ ಮೇಲಿನ ಮಂಚದಲ್ಲಿ ಬಂಟ್ವಾಳದ ಹುಡುಗನು ಲ್ಯಾಪ್‌ಟಾಪ್ ಹಿಡಿದು, ಕೆಳಗಿನ ಮಂಚದಲ್ಲಿ ಪುತ್ತೂರಿನ ಗಾರೆ ಮೇಸ್ತ್ರಿಯು ಮೊಬೈಲ್ ಹಿಡಿದು ಕುಳಿತ ವೇಳೆಯಲ್ಲಿ ನಡೆಯುವ ಶಾಸ್ತ್ರಾರ್ಥವನ್ನು ಯಥಾವತ್ತಾಗಿ ಉದ್ಧರಿಸುವೆನು.

“ಅಣ್ಣಾ, ನಲ್ವತ್ತೇಳು. ಒತ್ತಿ ಬೇಗ, ಟೈಮ್ ಹೋಗ್ತದೆ.”

“ಒತ್ತಿದೆ ಮಾರಾಯ. ಈಗ ಮುಖ ಕೇಳ್ತಾ ಉಂಟು.”

ಮೇಸ್ತ್ರಿಯು ತಲೆಯ ಮುಂಡಾಸನ್ನು ಬಿಚ್ಚಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ಹುಡುಗನು ಹೇಳಿದಂತೆ ಕಣ್ಣು ಪಿಳುಕಿಸುವನು, ಯಂತ್ರವು ಒಪ್ಪದು, ಕನ್ನಡಕವನ್ನು ತೆಗೆಯುವನು, ಅಷ್ಟರಲ್ಲಿ ನಲ್ವತ್ತೇಳು ಕಾಲವಶವಾಗಿ ಹದಿನೆಂಟರ ಅವತಾರವಾಗಿರುತ್ತದೆ. ಸಾಕ್ಷಾತ್ ಮೇಸ್ತ್ರಿಯೇ ನಿಂತಿದ್ದರೂ ಮೇಸ್ತ್ರಿಯ ಇರವು ಸಿದ್ಧವಾಗದಿರುವುದರಿಂದ, ಪ್ರತ್ಯಕ್ಷವು ದುರ್ಬಲವೆಂದೂ ದ್ವ್ಯಂಕವೇ ಪಂಚಮ ಹಾಗೂ ಪರಮ ಪ್ರಮಾಣವೆಂದೂ ನಿರ್ಣಯಿಸಬೇಕಾಗುತ್ತದೆ.

ಈ ಶಾಸ್ತ್ರಕ್ಕೆ ಪ್ರಾಚೀನ ಮೂಲವಿಲ್ಲವೆಂಬ ಆಕ್ಷೇಪಕ್ಕೆ ಮೈಸೂರಿನವರಾದ ನಾವು ನಗಬೇಕು. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯುಂಟು. ಒಂದು ಮಾಷಕವನ್ನು ಪಡೆದು ಆತನು ಮುದ್ರೆಯನ್ನು ಕೊಟ್ಟಲ್ಲದೆ ಯಾರೂ ಜನಪದವನ್ನು ಹೊಗುವಂತಿಲ್ಲ, ಬಿಡುವಂತಿಲ್ಲ. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ, ಪರನಾಡಿನವನಿಗೆ ಅದಕ್ಕಿಂತ ಬಹಳ ಘೋರವಾದುದು. ಎರಡು ತಿಂಗಳ ಎಕ್ಸಿಟ್ ರೀಎಂಟ್ರಿ ವೀಸಾಕ್ಕೆ 200 ರಿಯಾಲ್ ತೆತ್ತು ಊರಿಗೆ ಹೋಗಿಬರುವ ನಮ್ಮವರು ಈ ಅಧ್ಯಾಯವನ್ನು ಓದಿದರೆ, ಮಾಷಕದ ವಿನಿಮಯ ದರವೊಂದನ್ನುಳಿದು ಮತ್ತೇನೂ ಹೊಸತೆನಿಸದು. 2010ರಲ್ಲಿ ಸೌದಿಯ ಒಳಾಡಳಿತ ಸಚಿವಾಲಯವು ಆರಂಭಿಸಿದ ‘ಅಬ್ಶರ್’ ಎಂಬ ಜಾಲದ್ವಾರವು ಉಂಡು ನಿದ್ರಿಸುವ ಮುದ್ರಾಧ್ಯಕ್ಷನನ್ನು ತೆಗೆದು ನಿದ್ರಿಸದವನನ್ನು ಕೂರಿಸಿತು, ಅಷ್ಟೆ.

ಪೂರ್ವಪಕ್ಷಿಯು ಇಲ್ಲಿ ಎದ್ದು ನಿಂತು, ಸಾಲುಗಳು ಅಳಿದವು, ಲಂಚಕ್ಕೆ ಚಾಚುವ ಕೈಯೇ ಮಾಯವಾಯಿತು, ವಿಶ್ವಸಂಸ್ಥೆಯ ಇ-ಆಡಳಿತದ ಪಟ್ಟಿಯಲ್ಲಿ 2022ರಲ್ಲಿ 31ನೆಯದಾಗಿದ್ದ ದೇಶವು 2024ರಲ್ಲಿ 6ನೆಯದಾಯಿತು, ಇನ್ನೇನು ಬೇಕು ಎಂದು ಕೇಳುವನು. ಎಲ್ಲವೂ ದಿಟ, ಈ ಲೇಖಕನು ಅಲ್ಲಗಳೆಯುವುದಿಲ್ಲ. ನಮ್ಮ ಕರ್ನಾಟಕದ ‘ಭೂಮಿ’ ಯೋಜನೆಯು ಪಹಣಿಯನ್ನು ಗಣಕಕ್ಕೇರಿಸಿದಾಗಲಾದರೋ ತಾಲೂಕು ಕಚೇರಿಯಲ್ಲಿ ಕಿಟಕಿಯೊಂದು ಉಳಿದಿತ್ತು, ಕಿಟಕಿಯಾಚೆ ಮುಖವೊಂದಿತ್ತು, ಆ ಮುಖಕ್ಕೆ ಬಯ್ಯುವ ಪುರಾತನ ನಾಗರಿಕ ಹಕ್ಕು ಅಬಾಧಿತವಾಗಿತ್ತು. ದ್ವ್ಯಂಕಕ್ಕೆ ಬಯ್ದವನು ಮೂರನೆಯ ಸಲ ತಪ್ಪು ಒತ್ತುವನೇ ಹೊರತು ಸಮಾಧಾನ ಹೊಂದನು.

ಇನ್ನು ಅಧಿಕಾರಿಭೇದ. ಸರ್ವರೂ ಈ ಶಾಸ್ತ್ರಕ್ಕೆ ಅರ್ಹರಲ್ಲ. 2017ರ ಅಕ್ಟೋಬರಿನಲ್ಲಿ ರಿಯಾದಿನ ಹೂಡಿಕೆ ಸಮ್ಮೇಳನದಲ್ಲಿ ಸೋಫಿಯಾ ಎಂಬ ರೋಬೋಗೆ ಪೌರತ್ವ ಘೋಷಣೆಯಾದುದನ್ನು ಕೇಳಿ, ಮೂವತ್ತು ವರ್ಷ ಇಕಾಮಾ ನವೀಕರಿಸಿದ ಮಂಗಳೂರಿನ ಗುಮಾಸ್ತರಿಗೆ ತಾವು ಹುಟ್ಟುವಾಗಲೇ ತಪ್ಪಿದೆವೆಂದು ತೋರಿದ್ದರೆ ಅದು ಸಹಜ. 2021ರ ಮಾರ್ಚಿನ ಸುಧಾರಣೆಯಿಂದ ಖಾಸಗಿ ಸಂಸ್ಥೆಯ ನೌಕರನು ಕಫೀಲನೆಂಬ ಪ್ರಾಯೋಜಕ ಧಣಿಯ ಒಪ್ಪಿಗೆಗೆ ಕಾಯದೆ, ಅಬ್ಶರಿನಲ್ಲಿ ತಾನೇ ಒತ್ತಿ ರಜೆಗೆ ಹೊರಡಬಹುದಾಯಿತು. ಕಫೀಲನಿಗೆ ಸುದ್ದಿ ಮಾತ್ರ ತಲುಪುವುದು. ಆದರೆ ಮನೆಯ ಚಾಲಕ, ಮನೆಗೆಲಸದವಳು, ಕಾವಲುಗಾರ, ತೋಟಗಾರ, ಕುರಿಗಾಹಿ ಇವರು ಆ ಸುಧಾರಣೆಯಿಂದ ಹೊರಗುಳಿದರು. ಇವರ ವಿಷಯದಲ್ಲಿ ಒತ್ತುವ ಬೆರಳು ಕಫೀಲನದೇ.

ಇಲ್ಲಿ ಭಾಷ್ಯಕಾರರು ಕಾಣದ ಸೂಕ್ಷ್ಮವೊಂದಿದೆ. ಕಫೀಲನು ವೃದ್ಧನಾಗಿ, ಕಣ್ಣು ಮಂಜಾಗಿ, ಅವನ ಅಬ್ಶರನ್ನು ನಡೆಸುವವನು ಹನ್ನೆರಡು ವರ್ಷದ ಮೊಮ್ಮಗನೆಂದಿಟ್ಟುಕೊಳ್ಳೋಣ. ಆಗ ಕುರಿಗಾಹಿಯು ಊರಿಗೆ ಮರಳುವ ಪ್ರಶ್ನೆಯು ರಾಜಾಜ್ಞೆ, ಸಚಿವಾಲಯ, ಕಫೀಲ ಎಂಬ ಮೂರು ನ್ಯಾಯಸ್ಥಾನಗಳನ್ನು ದಾಟಿ, ಅಂತಿಮ ತೀರ್ಪಿಗಾಗಿ ಆ ಬಾಲಕನ ಬಳಿಗೆ ಬರುತ್ತದೆ. ಆತನು ಅದೇ ಫೋನಿನಲ್ಲಿ ಕಾಲ್ಚೆಂಡಿನ ಆಟವಾಡುತ್ತಿದ್ದು, ಪಂದ್ಯ ಮುಗಿಯುವವರೆಗೆ ಮೇಲ್ಮನವಿಯನ್ನು ಸ್ವೀಕರಿಸುವುದಿಲ್ಲ.