ಸುಳಿ ನೋಡುವ ಕಾಕಾ

ನಿಡಸೋಸಿಯಲ್ಲಿ ದುರದುಂಡೀಶ್ವರ ಮಠದ ಕಡೆಯಿಂದ ಬಂದರೂ ಸರಿ, ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿನ ಕಡೆಯಿಂದ ಬಂದರೂ ಸರಿ, ಚಹಾದಂಗಡಿ ಬಾಕಿನ ಮೇಲಿನ ಕಾಕಾನ ಕಣ್ಣು ತಪ್ಪಿಸಲಾಗದು. "ಅಡ್ಡಹೆಸರೇನು ತಮ್ಮಾ? ಹಂಗಾರ ಹುಕ್ಕೇರಿ ಪೈಕಿ ಏನು, ಗೋಕಾಕ ಪೈಕಿ?" ಎರಡು ಉತ್ತರ ಸಿಕ್ಕರೆ ಸಾಕು, ನಿಮ್ಮ ಮುತ್ಯಾನನ್ನೇ ಎಬ್ಬಿಸಿ ತಂದು ಪಕ್ಕದಲ್ಲಿ ಕೂರಿಸುತ್ತಾರೆ.

ದನದ ವಿಷಯದಲ್ಲಿ ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಯ ದನದ ಪೇಟೆಯಲ್ಲಿ ಪಳಗಿದವರು. ತುಟಿ ಎತ್ತಿ "ನಾಕಹಲ್ಲು" ಅಂದರೆ ನಾಲ್ಕೇ. ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ಉದ್ದ ಮೋರೆ, ಬಿಗಿ ಮೈ ನೋಡಿ ಖಿಲಾರಿ ಅಂದರೆ ಖಿಲಾರಿಯೇ. ನಾಯಿಯನ್ನೂ ಬಲ್ಲರು, ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದನ್ನು ಸ್ವಂತ ಅಳಿಯನಿಗೆ ನೌಕರಿ ಸಿಕ್ಕಂತೆ ಹೇಳುತ್ತಾರೆ. ಪಂಚಾಯ್ತಿ ಬಂದದ್ದು ಬೆಕ್ಕಿನಿಂದ.

ಕಾಲೇಜಿನ ಹುಡುಗನೊಬ್ಬ ರೂಮಿನ ಮೂರು ಬಣ್ಣದ ಬೆಕ್ಕನ್ನು ಅವುಚಿಕೊಂಡು ಬಂದ. "ಕಾಕಾ, ಇದು ಯಾವ ತಳಿ ಹೇಳ್ರಿ."

ಕಾಕಾ ಪದ್ಧತಿ ಬಿಡುವವರಲ್ಲ. ಮೊದಲು ತುಟಿ ಎತ್ತಿದರು. ಬೆಕ್ಕು ಹಲ್ಲು ತೋರಿಸಿದ್ದಲ್ಲದೆ ಉಪಯೋಗವನ್ನೂ ತೋರಿಸಿತು. ರಕ್ತ ಒರೆಸಿಕೊಂಡು, ಬೆನ್ನ ಕೂದಲು ಬಿಡಿಸಿ ಸುಳಿ ಹುಡುಕಿದರು. ಸಿಗಲಿಲ್ಲ. ಹಣೆಯ ಮೇಲೆ ಇಂಗ್ಲಿಷಿನ ಎಂ ಸಿಕ್ಕಿತು. "ನೋಡ, ವಿಲಾಯತಿ ಶಿಕ್ಕಾ!" ಪಟ್ಟೆಯಿರುವ ಬೆಕ್ಕಿಗೆಲ್ಲ ಆ ಗುರುತು ಇರುತ್ತದೆ, ಅಂಗಡಿಯ ಅಟ್ಟದ ಮೇಲಿನ ಕಳ್ಳಬೆಕ್ಕಿಗೂ ಇದೆ. ಅದನ್ನು ಕಾಕಾಗೆ ಹೇಳುವವರಾರು? "ಎದಿ ನೋಡ, ಎಷ್ಟ ಅಗಲ! ಗಂಡು ಇದು. ಪುಣೆ ಮಂದಿ ಕಾರಿನ್ಯಾಗ ತಂದಾರ. ಪಿ.ಬಿ. ರೋಡಿನ್ಯಾಗ ಚಾ ಕುಡ್ಯಾಕ ನಿಂತಾಗ ಜಿಗದೈತಿ."

ಮುಂದಿನ ತಿಂಗಳು ಆ ಗಂಡು ನಾಲ್ಕು ಮರಿ ಹಾಕಿತು.

ಬೆಕ್ಕಿನ ಮೈಬಣ್ಣ ವಂಶ ಹೇಳದಿದ್ದರೂ ಇಷ್ಟನ್ನು ಹೇಳುತ್ತದೆ. ಕೆಂಪು ಬಣ್ಣದ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಕೆಂಪು, ಕಪ್ಪು ಎರಡೂ ಮೈಮೇಲೆ ಬರಬೇಕಾದರೆ ಎರಡು ಎಕ್ಸ್ ಬೇಕು. ಹಾಗಾಗಿ ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲ ಹೆಣ್ಣೇ. ಖಿಲಾರಿಗೆ ಹೋರಿಯನ್ನು ಆರಿಸಿದವರು ಮನುಷ್ಯರು, ಅದಕ್ಕೇ ಕೋಡು ನೋಡಿ ಕುಲ ಹೇಳಬಹುದು. ಬೆಕ್ಕು ತನ್ನ ಸಂಬಂಧವನ್ನು ರಾತ್ರಿ ಹಂಚಿನ ಮೇಲೆ ತಾನೇ ಕುದುರಿಸಿಕೊಳ್ಳುತ್ತದೆ, ಕಾಕಾನನ್ನು ಕೇಳುವುದಿಲ್ಲ.

ಕಾಕಾ ಸೋಲಲಿಲ್ಲ. "ಕೆಂಪಂದು ಸಂಕೇಶ್ವರದ ಗಂಡಿಂದು. ಕರೀದು ಹುಕ್ಕೇರಿದು. ಪಟ್ಟಿಂದು ಇಲ್ಲಿದ." ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು ಎನ್ನುವುದು ವಿಜ್ಞಾನವೂ ಒಪ್ಪುವ ಮಾತು, ಊರುಗಳ ಹೆಸರು ಮಾತ್ರ ಕಾಕಾನ ಸ್ವಂತದ್ದು. ನಾಲ್ಕನೆಯದಕ್ಕೆ ಉದ್ದ ಕೂದಲು. ತಾಯಿ ತಂದೆ ಇಬ್ಬರೂ ಗಿಡ್ಡ ಕೂದಲಿನವರಾದರೂ ಒಳಗೆ ಆ ಜೀನು ಅಡಗಿದ್ದರೆ ಇಂಥ ಮರಿ ಹುಟ್ಟುತ್ತದೆ, ಪರ್ಷಿಯಾದಿಂದ ಯಾರೂ ಬರಬೇಕಿಲ್ಲ ಎಂದು ಹುಡುಗ ಮೊಬೈಲ್ ನೋಡಿ ಓದಿದ.

"ಅದನ್ನ ಗಿರಾಕಿ ಮುಂದ ಓದಬ್ಯಾಡ," ಎಂದು ಗದರಿ ಕಾಕಾ ಹೆಗಲ ಮೇಲಿನ ಟಾವೆಲ್ ಎಳೆದು ಅವನ ಕೈಮೇಲೆ ಹೊದಿಸಿದರು. ಒಳಗೆ ದನದ ಪೇಟೆಯ ದಲಾಲರಂತೆ ಬೆರಳು ಒತ್ತಿದರು. ಹುಡುಗ ಗಾಬರಿಯಾಗಿ ಗೋಣು ಹಾಕಿದ. ಅದು ನೂರೋ ಸಾವಿರವೋ, ಮರಿ ಮಾರಿದ್ದೋ ಕೊಂಡದ್ದೋ, ಅವನಿಗೆ ಇನ್ನೂ ತಿಳಿದಿಲ್ಲ.