ಎರಚಲಿಗೂ ಒಂದು ರೇಟು

ಮಲೆನಾಡಿನ ಹೋಟೆಲ್ ಮಾಲೀಕರು ಪಂಚಾಂಗ ನೋಡುವುದು ಮದುವೆ-ಮುಂಜಿಗಲ್ಲ, ಟಾರ್ಪಾಲು ಕಟ್ಟಲಿಕ್ಕೆ. ರೋಹಿಣಿ ಮಳೆ ನಾಲ್ಕು ಹನಿ ಹಾಕಿತೋ, ಅಟ್ಟದ ಮೇಲಿನ ನೀಲಿ ಟಾರ್ಪಾಲು ಕೆಳಗಿಳಿಯಿತೆಂದೇ ಲೆಕ್ಕ. ಇಲಿ ಕಡಿದ ತೂತುಗಳ ಎಣಿಕೆ, ನೈಲಾನ್ ಹಗ್ಗದ ಗಂಟು ಬಿಡಿಸುವ ಪಂಚಾಯಿತಿ, ಅಡಿಕೆ ದಬ್ಬೆ ತರಲು ಹೋಗಿ ಹರಟುತ್ತ ಕೂತವನಿಗೆ ಬೈಗುಳ, ಇಷ್ಟೂ ಮುಗಿದರೆ ಹೋಟೆಲಿನ ಮುಂದಿನ ಜಗಲಿ ಮಳೆಗಾಲಕ್ಕೆ ತಯಾರು.

ಹಿಂದೆ ಈ ಕೆಲಸ ಅಡಿಕೆ ಸೋಗೆಯ ತಟ್ಟಿಯದ್ದು. ನೆಟ್ಟಗೆ ಬೀಳುವ ಮಳೆಗೆ ಮಾಡು ಸಾಕು. ಕಾಟ ಕೊಡುವುದು ಗಾಳಿಯ ಹೆಗಲೇರಿ ಅಡ್ಡಡ್ಡ ನುಗ್ಗುವ ಎರಚಲು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಂಥ ಕಡೆ ಗಿರಾಕಿಗಿಂತ ಮೊದಲೇ ಎರಚಲು ಬಂದು ಬೆಂಚು ಹಿಡಿದಿರುತ್ತದೆ. ಟಾರ್ಪಾಲನ್ನು ಇಳಿಜಾರಾಗಿ ಬಿಗಿದು ಕಟ್ಟಬೇಕು. ಸಡಿಲ ಬಿಟ್ಟರೆ ನೀರು ನಿಂತು ಹೊಟ್ಟೆ ಬಿಡುತ್ತದೆ. ಆಗ ಸಪ್ಲೈಯರ್ ಹುಡುಗ ಕೋಲು ತಂದು ಕೆಳಗಿನಿಂದ ಒಮ್ಮೆ ತಿವಿಯುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಕೊಡೆ ಮಡಚುತ್ತ ಮೆಟ್ಟಿಲು ಹತ್ತುವ ಮೇಷ್ಟ್ರೊಬ್ಬರು ಇದ್ದೇ ಇರುತ್ತಾರೆ.

"ಏನೋ ಮಾರಾಯಾ, ಕಣ್ಣು ಕಾಣೋದಿಲ್ವೇನೋ?"

"ಮಳೆ ಅಲ್ವಾ ಮೇಷ್ಟ್ರೇ!"

ಬಾಗಿಲಿಗೆ ಕಾಲೊರೆಸಲು ಗೋಣಿಚೀಲ, ಮೂಲೆಯಲ್ಲಿ ಕೊಡೆಗೊಂದು ಬಕೆಟ್ಟು. ಬಕೆಟ್ಟಿನಲ್ಲಿರುವುದೆಲ್ಲ ಕಪ್ಪು ಕೊಡೆಗಳೇ. ಆದ್ದರಿಂದ ಕಡ್ಡಿ ಮುರಿದ ಕೊಡೆ ತಂದವನೇ ಎಲ್ಲರಿಗಿಂತ ಮೊದಲು ಎದ್ದು ಹೊರಡುತ್ತಾನೆ. ತಗಡಿನ ಶೀಟಿನ ಆರ್ಭಟಕ್ಕೆ ಒಂದು ಕಾಫಿ ಹೇಳಿದರೆ ಎರಡು ಪ್ಲೇಟು ಬಜ್ಜಿ ಬರುತ್ತದೆ. ವಾಪಸ್ಸು ಕಳಿಸಿದವರನ್ನು ಯಾರೂ ಕಂಡಿಲ್ಲ. ಬಜ್ಜಿಯ ಬಾಣಲೆಯನ್ನು ಅಡುಗೆಮನೆಯಿಂದ ಜಗಲಿಯ ಅಂಚಿಗೆ ತಂದಿಟ್ಟದ್ದೇನು ಸುಮ್ಮನೆಯೇ?

ಫ್ರಾನ್ಸಿನ ಕೆಫೆಯವರು ಬೀದಿಬದಿಯ ಮೇಜುಗಳ ಪಕ್ಕ ಗ್ಯಾಸ್ ಹೀಟರ್ ನಿಲ್ಲಿಸಿ ಚಳಿ ಓಡಿಸುತ್ತಿದ್ದರು. ಬಯಲನ್ನು ಬಿಸಿ ಮಾಡುವುದು ಇಂಧನಕ್ಕೆ ದಂಡ ಎಂದು ಅಲ್ಲಿನ ಸರ್ಕಾರ 2022ರ ಏಪ್ರಿಲ್ 1ರಿಂದ ಅದನ್ನು ನಿಷೇಧಿಸಿತು. ನಮ್ಮವರು ಬೀದಿ ಕಾಯಿಸುವ ಗೋಜಿಗೇ ಹೋದವರಲ್ಲ. ನೇರ ಗಿರಾಕಿಯ ಹೊಟ್ಟೆಯನ್ನೇ ಕಾಯಿಸುತ್ತಾರೆ. ಇದಕ್ಕೆ ಯಾವ ಸರ್ಕಾರ ಅಡ್ಡ ಬಂದೀತು?

ಶನಿವಾರ ಬಂತೆಂದರೆ ಮಾತ್ರ ಎಲ್ಲ ತಿರುಗಾಮುರುಗಾ. ಬೆಂಗಳೂರಿನ ಕಾರುಗಳಿಂದ ಇಳಿದವರ ಮೊದಲ ಅಹವಾಲು: "ಅಂಕಲ್, ಆ ಟಾರ್ಪಾಲ್ ಸ್ವಲ್ಪ ಮೇಲೆತ್ತಿ, ವ್ಯೂ ಕಾಣ್ತಿಲ್ಲ." ಮಾಲೀಕರು ಮರುಮಾತಿಲ್ಲದೆ ಹಗ್ಗ ಎಳೆಯುತ್ತಾರೆ. ತಿಂಗಳುಗಟ್ಟಲೆ ಹೊರಗಟ್ಟಿದ್ದ ಎರಚಲು ಗೌರವದ ಅತಿಥಿಯಾಗಿ ಒಳಬರುತ್ತದೆ. ಅವರು ಮುಖವೊಡ್ಡಿ ಸೆಲ್ಫಿ ತೆಗೆಯುತ್ತಾರೆ. ಊರಿನವರು ಲುಂಗಿ ಮುದುರಿಕೊಂಡು ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಒತ್ತರಿಸುತ್ತಾರೆ. ಅಂದು ಬಜ್ಜಿಯ ರೇಟು ಐದು ರೂಪಾಯಿ ಜಾಸ್ತಿ.

"ಒದ್ದೆಯಾಗೋಕೂ ದುಡ್ಡು ಕೊಡ್ತಾರಲ್ಲಯ್ಯಾ!" ಎಂದರು ಮೇಷ್ಟ್ರು.

"ನೀವು ಇಷ್ಟು ವರ್ಷ ಪುಕ್ಕಟೆ ಒದ್ದೆಯಾಗಿದ್ದೀರಿ ಮೇಷ್ಟ್ರೇ. ಬಾಕಿ ಬರ್ಕೊಳ್ಲಾ?"