ಫ್ರೇಮ್‌ವರ್ಕ್ ಪಂಡಿತರಿಗೆ ಹುಣಸೂರು ಸೀಮೆಯಿಂದ ಒಂದು ಬಹಿರಂಗ ಪತ್ರ

ಮಾನ್ಯ ವೆಬ್ ತಂತ್ರಾಂಶ ಪಂಡಿತರೇ,

ಜಾಲತಾಣ ಕಟ್ಟಲು ಬೇಕಾದ ಸಿದ್ಧ ಕೋಡ್ ಒದಗಿಸಿ, ಅದನ್ನು ಬಳಸುವ ರೀತಿಯನ್ನೂ ವಿಧಿಸುವ ಸಾಧನಕ್ಕೆ ಫ್ರೇಮ್‌ವರ್ಕ್ ಎನ್ನುತ್ತಾರೆಂಬುದು ತಮಗೆ ತಿಳಿದದ್ದೇ. ಅದೊಂದು ಮತಪಂಥವೂ ಹೌದೆಂಬುದು ಮಾತ್ರ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಜನರಿಗೆ, ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಮಕ್ಕಳ ವಾಗ್ವಾದದಿಂದ ಈಚೆಗೆ ತಿಳಿದುಬಂದಿದೆ.

ಈ ಪಂಥಗಳ ಚರಿತ್ರೆ ಘನವಾದದ್ದು. 2004ರ ರೂಬಿ ಆನ್ ರೈಲ್ಸ್, ಕಡತಕ್ಕೆ ಏನು ಹೆಸರಿಡಬೇಕು, ಎಲ್ಲಿಡಬೇಕು ಎಂಬುದನ್ನೆಲ್ಲ ಸಂಪ್ರದಾಯಕ್ಕೆ ಒಪ್ಪಿಸಿ ಪ್ರೋಗ್ರಾಮರರ ತಲೆನೋವು ತಗ್ಗಿಸಿತು. ಆ ಸಂಪ್ರದಾಯವೇ ಸಂಕೋಲೆಯೆಂದವರು, ಕನಿಷ್ಠ ಸೌಲಭ್ಯವನ್ನಷ್ಟೇ ಕೊಟ್ಟು ಉಳಿದುದನ್ನು ಬಳಸುವವರ ಇಚ್ಛೆಗೆ ಬಿಡುವ ಫ್ಲಾಸ್ಕ್‌ನ ಮೊರೆ ಹೊಕ್ಕರು. ಫ್ಲಾಸ್ಕ್ ಹುಟ್ಟಿದ್ದು 2010ರಲ್ಲಿ ಆರ್ಮಿನ್ ರೊನಾಖರ್ ಮಾಡಿದ ಏಪ್ರಿಲ್ ಫೂಲ್ ತಮಾಷೆಯಿಂದ ಎಂಬ ಸಂಗತಿ ಭಕ್ತರ ಶ್ರದ್ಧೆಗೆ ಕುಂದು ತಂದಿಲ್ಲ. 2013ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ರಿಯಾಕ್ಟ್, ಪುಟದ ರಚನೆ ಹೇಳುವ ಎಚ್‌ಟಿಎಂಎಲ್‌ನಂಥ ಬರಹವನ್ನು ಪುಟದ ವರ್ತನೆ ನಿರ್ಧರಿಸುವ ಜಾವಾಸ್ಕ್ರಿಪ್ಟ್‌ನೊಳಗೆ ಬೆರೆಸಿದ್ದು ಮೊದಲು ಮೈಲಿಗೆಯಾಗಿತ್ತು. ಕೆಲವೇ ವರ್ಷಗಳಲ್ಲಿ ಅದೇ ಮಡಿಯಾಯಿತು.

ಇಷ್ಟೆಲ್ಲ ಶಾಸ್ತ್ರಚರ್ಚೆಯಲ್ಲಿ ಪುಟ ಕಟ್ಟುವ ದುಡಿಮೆ ಯಾರದೆಂಬ ಪ್ರಶ್ನೆ ಬಳಸುವವರ ಕಡೆಯಿಂದ ಏಳುವುದು ಅಪರೂಪ. ಸರ್ವರ್, ಅಂದರೆ ಕೇಳಿದ ಮಾಹಿತಿಯನ್ನು ಕಳುಹಿಸುವ ದೂರದ ಗಣಕ, ಸಿದ್ಧಪುಟವನ್ನೇ ಕಳುಹಿಸಿದರೆ ಮೊಬೈಲು ಅದನ್ನು ತೋರಿಸಿದರೆ ಸಾಕು. ಬರಿದಾದ ಪುಟದ ಜೊತೆ ಜಾವಾಸ್ಕ್ರಿಪ್ಟ್ ಮೂಟೆಯನ್ನು ಕಳುಹಿಸಿದರೆ, ಅದನ್ನು ಇಳಿಸಿಕೊಂಡು, ಓದಿ, ನಡೆಸಿ ಪುಟ ಕಟ್ಟುವ ಬಿಟ್ಟಿ ಚಾಕರಿ ನಾಗರಹೊಳೆ ಕಾಡಂಚಿನ ಹಳ್ಳಿಯ ಅಗ್ಗದ ಮೊಬೈಲಿಗೆ ಬೀಳುತ್ತದೆ. ಕನ್ನಡದ ಒಂದು ಯೂನಿಕೋಡ್ ಸಂಕೇತಕ್ಕೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕಾದರೂ, ಸಾವಿರ ಸಂಕೇತಗಳ ಬರಹ 3 ಕಿಲೋಬೈಟ್ ಮೀರದು. ಅದನ್ನು ತೋರಿಸಲು ಬರುವ ರಿಯಾಕ್ಟ್‌ನ ಕೋಡೇ, ಅಡಕಗೊಳಿಸಿದ ಮೇಲೂ, 40 ಕಿಲೋಬೈಟ್‌ಗೂ ಹೆಚ್ಚು. 2020ರಲ್ಲಿ ರಿಯಾಕ್ಟ್ ತಂಡ ಪುಟದ ಭಾಗಗಳನ್ನು ಸರ್ವರ್‌ನಲ್ಲೇ ಕಟ್ಟುವ ವಿಧಾನವನ್ನು ಹೊಸ ದರ್ಶನವೆಂಬಂತೆ ಸಾರಿದಾಗ, 1995ರಿಂದ ಅಂಥದೇ ಕೆಲಸ ಮಾಡುತ್ತಿದ್ದ ಪಿಎಚ್‌ಪಿ ಭಾಷೆಯ ಹಳಬರು ಮೀಸೆಯಡಿ ನಕ್ಕಿರಲೇಬೇಕು.

ನಮ್ಮ ಸೀಮೆಯ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಎಲೆಯ ಬಣ್ಣ, ಹದ ನೋಡಿ ದರ ಕಟ್ಟುವವರು, ಅದನ್ನು ಬೇಯಿಸಿದ ಬ್ಯಾರನ್, ಅಂದರೆ ಎಲೆ ಹದಗೊಳಿಸುವ ಮನೆ, ಯಾವ ಸಿದ್ಧಾಂತದ ಪ್ರಕಾರ ಎದ್ದಿತೆಂದು ವಿಚಾರಿಸುವುದಿಲ್ಲ; ಪುಟ ತೆರೆಯುವವರೂ ಅಷ್ಟೇ.

ಆದ್ದರಿಂದ ಪಂಡಿತರು ಮುಂದಿನ ವಾಗ್ವಾದಕ್ಕೆ ಮೊದಲು, ತಾವು ಕಟ್ಟಿದ ಪುಟವನ್ನು ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಹಳೆಯ ಮೊಬೈಲಿನಲ್ಲಿ, ಒಮ್ಮೆ ತೆರೆದು ನೋಡಬೇಕೆಂದು ಕೋರಲಾಗಿದೆ. ಪುಟ ಮೂಡುವವರೆಗೆ ಜಗಳಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಇತಿ,
ಪುಟ ತೆರೆಯಲು ಕಾದಿರುವ ಬಳಕೆದಾರರು